ವೈನ್ ದ್ರಾಕ್ಷಿ: ಮೊದಲು ಕರಾರು, ಆಮೇಲೆ ಸಸಿ

ನಾಸಿಕ್‌ನಲ್ಲಿ ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿ ನನಗೀಗ ಹನ್ನೊಂದು ವರ್ಷ. ಊರು ವಿಜಯಪುರ ಜಿಲ್ಲೆಯ ತಿಕೋಟಾ. ಅಲ್ಲಿ ದ್ರಾಕ್ಷಿ ಎಂದರೆ ಥಾಮ್ಸನ್ ಸೀಡ್‌ಲೆಸ್, ದರ ಬಿದ್ದರೆ ಒಣದ್ರಾಕ್ಷಿ. ಇಲ್ಲಿ ದಿಂಡೋರಿ ಕಡೆ ಹೋದರೆ ಶೆನಿನ್ ಬ್ಲಾಂಕ್, ಶಿರಾಜ್ ಎಂಬ ಹೆಸರುಗಳು ರೈತರ ಬಾಯಲ್ಲಿ ಸಲೀಸು.

ಕಳೆದ ತಿಂಗಳು ತಮ್ಮ ಫೋನ್ ಮಾಡಿ, 'ಅಣ್ಣಾ, ಎರಡು ಎಕರೆ ವೈನ್ ದ್ರಾಕ್ಷಿ ಹಚ್ಚಲೇನು?' ಅಂದ. ಒಣದ್ರಾಕ್ಷಿ ದರದ ಏರಿಳಿತ ಅವನಿಗೆ ಸಾಕಾಗಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಿನ್ನುವ ದ್ರಾಕ್ಷಿಯಲ್ಲಿ ಗೊಂಚಲು ದೊಡ್ಡದು, ಕಾಯಿ ದಪ್ಪ ಇದ್ದರೆ ಬೆಲೆ. ವೈನ್‌ಗೆ ಸಣ್ಣ ಕಾಯಿ, ಸಕ್ಕರೆ-ಹುಳಿಯ ಹದ ಬೇಕು. ಇಳುವರಿಯನ್ನು ಬೇಕೆಂದೇ ಕಡಿಮೆ ಇಡಬೇಕು. ಕಾಯಿ ಹಿಗ್ಗಿಸುವ ಔಷಧಿ, ಕಾಯಿ ಬಿಡಿಸುವ ಕೂಲಿ ಉಳಿಯುತ್ತದೆ. ಆದರೆ ವರ್ಷಕ್ಕೆರಡು ಚಾಟ್ನಿ ತಪ್ಪದು: ಏಪ್ರಿಲ್‌ನಲ್ಲೊಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಂದು. ಅಕಾಲಿಕ ಮಳೆ ಸುರಿದರೆ ಡೌನಿ ರೋಗ ಇದನ್ನೂ ಬಿಡುವುದಿಲ್ಲ.

ದೊಡ್ಡ ಅಪಾಯ ಮಾರಾಟದ್ದು. ವೈನ್ ದ್ರಾಕ್ಷಿ ಸಂತೆಯಲ್ಲಿ ಹೋಗುವುದಿಲ್ಲ, ಬೀಜವಿರುವುದರಿಂದ ಒಣದ್ರಾಕ್ಷಿಗೂ ಒಗ್ಗದು. ಕೊಳ್ಳುವುದು ವೈನರಿ ಮಾತ್ರ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ವೈನ್ ನೀತಿ ತಂದ ಮೇಲೆ ಇಲ್ಲಿ ತೋಟಗಳು ಭರದಿಂದ ಹಬ್ಬಿದವು. 2008ರಲ್ಲಿ ಆರ್ಥಿಕ ಹಿಂಜರಿತ, ನವೆಂಬರ್‌ನಲ್ಲಿ ಮುಂಬೈ ದಾಳಿ. ಹೋಟೆಲುಗಳ ಬೇಡಿಕೆ ಕುಸಿದು ವೈನ್ ಟ್ಯಾಂಕುಗಳಲ್ಲೇ ಉಳಿಯಿತು. ಹಲವು ವೈನರಿಗಳು ಖರೀದಿ ನಿಲ್ಲಿಸಿದವು; ಎಷ್ಟೋ ರೈತರು ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಚ್ಚಿದರು. ಆ ಕಾಲದ ಸಾಲದ ಕಡತಗಳನ್ನು ನಾನು ನೋಡಿದ್ದೇನೆ.

ಈಗ ಪರಿಸ್ಥಿತಿ ಸುಧಾರಿಸಿದೆ. ಸುಲಾ ಕಂಪನಿ 2022ರಲ್ಲಿ ಷೇರುಪೇಟೆಗೆ ಬಂತು; ವೈನ್ ಪ್ರವಾಸ ನಾಸಿಕ್‌ಗೆ ಹೊಸ ಆದಾಯ ತಂದಿದೆ. ಕರ್ನಾಟಕವೂ 2007ರಲ್ಲಿ ತನ್ನ ನೀತಿ ತಂದಿತು; ನಂದಿ ಬೆಟ್ಟದ ಬಳಿಯ ಗ್ರೋವರ್, ಹಂಪಿ ಕಡೆಯ ಕ್ರಸ್ಮಾ ಹೆಸರು ಮಾಡಿವೆ. ಆದರೆ ನಮ್ಮ ದೇಶದಲ್ಲಿ ವೈನ್ ಕುಡಿಯುವವರು ಇನ್ನೂ ಕಡಿಮೆ. ಮೇಲಾಗಿ ಆಸ್ಟ್ರೇಲಿಯಾ ಜತೆಗಿನ ಒಪ್ಪಂದದಿಂದ ಅಲ್ಲಿನ ದುಬಾರಿ ವೈನ್ ಮೇಲಿನ ಸುಂಕ ಹಂತಹಂತವಾಗಿ ಇಳಿಯುತ್ತಿದೆ.

ಹಾಗಾಗಿ ತಮ್ಮನಿಗೆ ಹೇಳಿದೆ: ಹತ್ತಿರದ ವೈನರಿಯಿಂದ ಹಲವು ವರ್ಷಗಳ ಕರಾರನ್ನು ಬರಹದಲ್ಲಿ ಪಡೆ. ಸಕ್ಕರೆ ಅಂಶಕ್ಕೆ ಎಷ್ಟು ದರ, ಕೊಯ್ಲಿನ ದಿನ ಯಾರು ನಿಗದಿ ಮಾಡುವರು, ಹಣ ಎಷ್ಟು ಕಂತಿನಲ್ಲಿ ಬರುತ್ತದೆ ಎಂದು ಓದಿ ನೋಡು. ಕರಾರು ಸಿಕ್ಕರೆ ಒಂದು ಎಕರೆ ಹಚ್ಚು. ಉಳಿದದ್ದು ಥಾಮ್ಸನ್ನೇ ಇರಲಿ.