ಜನ ಹೊರೋದೋ, ಮಾಲು ಹೊರೋದೋ?

ಪೈಲಟ್ ಆಗಲು ಹೊರಟ ಹುಡುಗರೂ, ಅದಕ್ಕಾಗಿ ಹೊಲ ಮಾರಲು ಹೊರಟ ಅಪ್ಪಂದಿರೂ ಹಾಕಬೇಕಾದ ಲೆಕ್ಕ

ಸಿಂಧನೂರು: ಲಾರಿ ಡ್ರೈವರ್‌ಗೂ ಬಸ್ ಡ್ರೈವರ್‌ಗೂ ಏನು ವ್ಯತ್ಯಾಸ ಎಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿ ಗಿರಣಿಯಲ್ಲಿ ಲೋಡು ತುಂಬಿಕೊಂಡು ಹೊರಟ ಲಾರಿಯವನಿಗೆ ರಾತ್ರಿಯೇ ಹಗಲು. ನಿದ್ದೆ ಬಂದಾಗ ಯಾವುದಾದರೂ ಡಾಬಾ ಮುಂದೆ ಗಾಡಿ ನಿಲ್ಲಿಸಿ ಮಲಗುತ್ತಾನೆ. ಸರ್ಕಾರಿ ಬಸ್ಸಿನವನಿಗೆ ಟೈಮು ಇದೆ, ಡಿಪೋ ಇದೆ, ಹಿಂದೆ ಕೂತವರ ಬೈಗುಳವೂ ಇದೆ. ಭತ್ತದ ಚೀಲ ಮಾತ್ರ "ಯಾಕ್ರೀ ಲೇಟು?" ಎಂದು ಕೇಳುವುದಿಲ್ಲ.

ಈಗ ಇದೇ ಪ್ರಶ್ನೆ ಆಕಾಶಕ್ಕೆ ಏರಿದೆ. ಪಿಯುಸಿ ಸೈನ್ಸ್ ಮುಗಿಸಿದ ಹುಡುಗರು, ಹುಡುಗಿಯರು ಮೊಬೈಲ್ ನೋಡಿ ನೋಡಿ ಪೈಲಟ್ ಆಗುವ ಕನಸು ಕಟ್ಟುತ್ತಿದ್ದಾರೆ. ಜನರನ್ನು ಹೊರುವ ವಿಮಾನ ಒಳ್ಳೆಯದೋ, ಮಾಲು ಹೊರುವ ವಿಮಾನ ಒಳ್ಳೆಯದೋ ಎಂಬುದು ಅವರ ಚರ್ಚೆ. ಮನೆಯ ಯಜಮಾನನ ಪ್ರಶ್ನೆ ಬೇರೆ: "ತಮ್ಮಾ, ರೊಕ್ಕ ಎಷ್ಟು ಬೇಕು, ಯಾವಾಗ ತಿರುಗಿ ಬರ್ತದ?" ವಿಚಾರ ಮಾಡಿ ನೋಡಿದರೆ ಎರಡೂ ಒಂದೇ ಪ್ರಶ್ನೆ.

ಲೈಸೆನ್ಸು ಒಂದೇ

ರಸ್ತೆಯ ಮೇಲೆ ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಡ್ರೈವರ್‌ಗೆ ಬೇರೆ ಬ್ಯಾಡ್ಜ್ ಬೇಕು. ಆಕಾಶದಲ್ಲಿ ಹಾಗಿಲ್ಲ. ಜನ ಹೊರಲಿಕ್ಕೂ ಮಾಲು ಹೊರಲಿಕ್ಕೂ ಬೇಕಾದದ್ದು ಒಂದೇ ಕಮರ್ಷಿಯಲ್ ಪೈಲಟ್ ಲೈಸೆನ್ಸು. ವಯಸ್ಸು 18 ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕೆಂಬುದು ಹಿಂದಿನಿಂದ ಬಂದ ನಿಯಮ. ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆಗಳಲ್ಲಿ ಒಂದೊಂದು ವಿಷಯಕ್ಕೂ ನೂರಕ್ಕೆ 70 ಅಂಕ ಬಂದರೆ ಮಾತ್ರ ಪಾಸು. ಅದರ ಮೇಲೆ 200 ತಾಸು ವಿಮಾನ ಹಾರಿಸಿರಬೇಕು.

ಕಲಿಯಲು ಈಗ ಸಮುದ್ರ ದಾಟಲೇಬೇಕೆಂದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹಳೆಯ ಕಾಲದಿಂದ ಇದೆ. ನಮ್ಮ ಕಡೆ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಆಮೇಲೆ ಅಲ್ಲಿ ಹಾರಾಟ ತರಬೇತಿಗೂ ಜಾಗ ಕೊಟ್ಟರು.

ಲೈಸೆನ್ಸು ಕೈಗೆ ಬಂದ ಕೂಡಲೇ ದೊಡ್ಡ ವಿಮಾನದಲ್ಲಿ ಕೂರಿಸುವುದಿಲ್ಲ. ಯಾವ ಮಾದರಿಯ ವಿಮಾನ ಹಾರಿಸಬೇಕೋ ಅದಕ್ಕೆ 'ಟೈಪ್ ರೇಟಿಂಗ್' ಎಂಬ ಇನ್ನೊಂದು ತರಬೇತಿ ಬೇಕು, ಅದರ ಖರ್ಚು ಬೇರೆ. ಬೋಯಿಂಗ್ 737 ಕಲಿತವನು ಅದೇ ಮಾದರಿಯಲ್ಲಿ ಜನರನ್ನೂ ಒಯ್ಯಬಹುದು, ಮಾಲನ್ನೂ ಒಯ್ಯಬಹುದು. ಬ್ಲೂ ಡಾರ್ಟ್‌ನ ಮಾಲಿನ ವಿಮಾನಗಳಲ್ಲಿ ಬೋಯಿಂಗ್ 757 ಕೂಡ ಇದೆ. ಆ 757 ಅನ್ನು ನಮ್ಮ ದೇಶದ ಪ್ರಯಾಣಿಕ ಕಂಪನಿಗಳು ಇಟ್ಟುಕೊಂಡಿಲ್ಲ. ಅಲ್ಲಿಂದ ಇಲ್ಲಿಗೆ ಬರಬೇಕೆಂದರೆ ಮತ್ತೆ ಹೊಸ ಮಾದರಿ ಕಲಿಯಬೇಕು. ಮೊದಲ ನೌಕರಿ ಹಿಡಿಯುವಾಗ ಸಂಬಳದ ಜೊತೆ ಇದನ್ನೂ ಕೇಳಿ ತಿಳಿದುಕೊಳ್ಳಬೇಕು.

ಮಾಲಿನ ವಿಮಾನ ಎಷ್ಟಿವೆ?

ಮೊಬೈಲ್‌ನಲ್ಲಿ ಕಾಣುವುದು ಅಮೆರಿಕದ ಫೆಡೆಕ್ಸ್, ಯುಪಿಎಸ್ ಕಂಪನಿಗಳ ಪೈಲಟ್‌ಗಳು. ಅಲ್ಲಿ ಒಂದೊಂದು ಕಂಪನಿಯ ಬಳಿ ನೂರಾರು ಮಾಲಿನ ವಿಮಾನ, ಸಂಬಳವೂ ಭರ್ಜರಿ. ಅದನ್ನು ನೋಡಿ ಇಲ್ಲಿಯೂ ಹಾಗೇ ಎಂದುಕೊಂಡರೆ ಕೆಟ್ಟಿತು.

ನಮ್ಮಲ್ಲಿ ಇಂಡಿಗೋ ಒಂದೇ ಕಂಪನಿಯ ಬಳಿ 400ಕ್ಕೂ ಹೆಚ್ಚು ವಿಮಾನಗಳಿವೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟವು. ಬರೀ ಮಾಲಿಗಾಗಿ ಇರುವ ವಿಮಾನಗಳೆಂದರೆ ಬ್ಲೂ ಡಾರ್ಟ್‌ನವು ಕೆಲವು, ಇಂಡಿಗೋ ಕಾರ್ಗೋದವು ಕೆಲವು, ಬೆಂಗಳೂರಿನ ಕ್ವಿಕ್‌ಜೆಟ್‌ನಂಥವು ಒಂದೋ ಎರಡೋ. ಬೆರಳೆಣಿಕೆಯ ಮಾತು. ಕಾರಣ ಸರಳ. ನಮ್ಮ ದೇಶದ ಮಾಲು ಬಹುಪಾಲು ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲೇ ಹೋಗುತ್ತದೆ. ಬಸ್ಸಿನ ಟಾಪಿನ ಮೇಲೆ ಚೀಲ ಹಾಕಿದ ಹಾಗೆ. ಟಾಪಿನಲ್ಲಿ ಜಾಗ ಸಿಗುವಾಗ ಬೇರೆ ಲಾರಿ ಯಾರು ಮಾಡುತ್ತಾರೆ?

ಇದರ ರುಚಿ ಕಂಡವರು ನಮ್ಮ ಕರ್ನಾಟಕದವರೇ ಇದ್ದಾರೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಬಸ್ಸು ಹತ್ತುವವರನ್ನೂ ವಿಮಾನ ಹತ್ತಿಸಿದರು. ಅದು ಕಿಂಗ್‌ಫಿಶರ್ ಕೈಗೆ ಹೋದ ಮೇಲೆ ಮಾಲಿನ ಕಡೆ ತಿರುಗಿದರು. 2009ರಲ್ಲಿ ನಾಗಪುರವನ್ನು ಕೇಂದ್ರ ಮಾಡಿಕೊಂಡು ಡೆಕ್ಕನ್ 360 ಎಂಬ ಸರಕು ಸೇವೆ ಆರಂಭಿಸಿದರು. 2011ರ ಹೊತ್ತಿಗೆ ಅದು ನಿಂತಿತು. ಜನ ಹೊರುವುದರಲ್ಲಿ ದೇಶಕ್ಕೇ ದಾರಿ ತೋರಿಸಿದ ಮನುಷ್ಯನಿಗೂ ಮಾಲು ಭಾರವಾಯಿತು.

ಹಾಗಾಗಿ ಹೊಸ ಹುಡುಗನಿಗೆ ಇಲ್ಲಿ ಆಯ್ಕೆ ಎಂಬುದು ಅರ್ಧ ಬಾಯಿಮಾತು. ಮೊದಲ ನೌಕರಿಯ ಬಾಗಿಲು ಹೆಚ್ಚಾಗಿ ತೆರೆಯುವುದು ಪ್ರಯಾಣಿಕ ಕಂಪನಿಗಳಲ್ಲೇ.

ನಿದ್ದೆಯ ಲೆಕ್ಕ

ಬಾಗಿಲು ಎರಡೂ ಕಡೆ ತೆರೆದರೆ ಆಗ ನೋಡಬೇಕಾದದ್ದು ನಿದ್ದೆ. ಕೊರಿಯರ್ ಮಾಲು ಸಂಜೆ ಕೂಡಿ, ರಾತ್ರಿ ಹಾರಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಊರು ಮುಟ್ಟಬೇಕು. ಹಾಗಾಗಿ ಮಾಲಿನ ಪೈಲಟ್‌ಗೆ ರಾತ್ರಿಪಾಳಿಯೇ ಹೆಚ್ಚು. ಪ್ರಯಾಣಿಕರ ಪೈಲಟ್‌ಗೆ ನಸುಕಿನ ವಿಮಾನವೂ ಇದೆ, ನಡುರಾತ್ರಿಯದೂ ಇದೆ. ದಿನಕ್ಕೆ ಮೂರು ನಾಲ್ಕು ಸಲ ಏರಿ ಇಳಿಯುವುದೂ ಇದೆ.

ನಿದ್ದೆಗೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. 2013ರ ಆಗಸ್ಟ್ 14ರ ನಸುಕಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್‌ನ ಮಾಲಿನ ವಿಮಾನ ಇಳಿಯುವಾಗ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. ಆಯಾಸವೂ ಕಾರಣಗಳಲ್ಲಿ ಒಂದೆಂದು ತನಿಖೆ ಹೇಳಿತು. ಆದರೂ 2014ರಲ್ಲಿ ಅಲ್ಲಿ ಜಾರಿಗೆ ಬಂದ ಹೊಸ ವಿಶ್ರಾಂತಿ ನಿಯಮದಿಂದ ಮಾಲಿನ ಪೈಲಟ್‌ಗಳನ್ನು ಹೊರಗಿಟ್ಟರು. ಜನ ಹೊರುವವನಿಗೆ ನಿದ್ದೆ ಬೇಕು, ಮಾಲು ಹೊರುವವನಿಗೆ ಬೇಡವೇ?

ನಮ್ಮಲ್ಲಿ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸುವ ನಿಯಮ 2025ರಲ್ಲಿ ಹಂತಹಂತವಾಗಿ ಜಾರಿಗೆ ಬಂತು. ಅದಕ್ಕೆ ಸಾಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದ ಇಂಡಿಗೋ ಆ ವರ್ಷದ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನಗಳನ್ನು ರದ್ದು ಮಾಡಿತು. ನಿಲ್ದಾಣಗಳಲ್ಲಿ ಜನ ಚಾಪೆ ಹಾಸಿ ಮಲಗುವ ಹಾಗಾಯಿತು.

ಹಗ್ಗ ಸಡಿಲಾದರೆ

ಮಾಲು ಮಾತಾಡುವುದಿಲ್ಲ ನಿಜ, ಆದರೆ ಅಲ್ಲಾಡುತ್ತದೆ. ಲಾರಿಗೆ ಹಗ್ಗ ಬಿಗಿಯದೆ ತಿರುವಿನಲ್ಲಿ ಮಗುಚಿದ ಕತೆ ನಮ್ಮ ಹಮಾಲರಿಗೆ ಗೊತ್ತು. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಾಗ್ರಾಮ್‌ನಲ್ಲಿ ಸೇನೆಯ ಭಾರೀ ವಾಹನಗಳನ್ನು ತುಂಬಿಕೊಂಡು ಏರಿದ ಬೋಯಿಂಗ್ 747ರಲ್ಲಿ ಒಳಗಿನ ಲೋಡು ಹಿಂದಕ್ಕೆ ಸರಿಯಿತು. ವಿಮಾನ ನೆಲಕ್ಕೆ ಬಿದ್ದು ಅದರಲ್ಲಿದ್ದ ಏಳೂ ಜನ ಸತ್ತರು. ಮಾಲಿನ ಕೆಲಸ ಆರಾಮ ಎನ್ನುವವರು ಇದನ್ನು ನೆನಪಿಡಬೇಕು.

ಯಾವುದು ಗಟ್ಟಿ?

2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಔಷಧಿ ಹೊತ್ತ ಮಾಲಿನ ವಿಮಾನಗಳು ಓಡಾಡುತ್ತಲೇ ಇದ್ದವು. ಆಗ "ಕಾರ್ಗೋನೇ ಗಟ್ಟಿ" ಎಂಬ ಮಾತು ಹುಟ್ಟಿತು. ಮೂರೇ ವರ್ಷ ಕಳೆದು 2023ರಲ್ಲಿ ಮಾಲು ಕಡಿಮೆಯಾಗಿ, ಅಮೆರಿಕದ ಫೆಡೆಕ್ಸ್‌ನಲ್ಲಿ ಕೆಲಸಕ್ಕಿಂತ ಪೈಲಟ್‌ಗಳೇ ಹೆಚ್ಚಾದರು.

ಇತ್ತ ಪ್ರಯಾಣಿಕ ಕಂಪನಿಗಳ ಜಾತಕವೂ ಚೆನ್ನಾಗಿಲ್ಲ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ಸಂಬಳ ಬಾಕಿ ಬಿಟ್ಟು ಪೈಲಟ್‌ಗಳು ಬೇರೆ ಬಾಗಿಲು ತಟ್ಟಿದರು. ಗಟ್ಟಿ ಇರುವುದು ಕಂಪನಿಯಲ್ಲ, ಪೈಲಟ್‌ನ ಹಾರಾಟದ ತಾಸು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1500 ತಾಸು ಆಗಬೇಕು. ದಿನಕ್ಕೆ ಹೆಚ್ಚು ಹಾರಾಟ ಸಿಗುವ ಪ್ರಯಾಣಿಕ ಕಂಪನಿಯಲ್ಲಿ ಈ ತಾಸು ಸಾಮಾನ್ಯವಾಗಿ ಬೇಗ ಕೂಡುತ್ತದೆ. ಮೊದಲು ಅಲ್ಲಿ ತಾಸು ಕೂಡಿಸಿ, ಆಮೇಲೆ ಮಾಲಿನ ಕಡೆ ಹೋಗುವವನಿಗೆ ಎರಡೂ ದಾರಿ ತೆರೆದಿರುತ್ತವೆ.

ಹೊಲದ ಮಾತು

ಈಗ ಯಜಮಾನನ ಪ್ರಶ್ನೆಗೆ ಬರೋಣ. ಲೈಸೆನ್ಸಿಗೆ ಸುಮಾರು ಅರ್ಧ ಕೋಟಿ, ಟೈಪ್ ರೇಟಿಂಗ್‌ಗೆ ಮತ್ತೆ ಹತ್ತಾರು ಲಕ್ಷ. ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. "ಎಡದಂಡೆ ಕಾಲುವೆ ನೀರು ಹರಿಯೋ ಹೊಲ ಐತಲ್ರೀ" ಎಂದರೆ ಮ್ಯಾನೇಜರ್ ಹಿಂದೆ ಮುಂದೆ ನೋಡುತ್ತಾರೆ. 2002ರ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ಜಪ್ತಿ ಮಾಡಲು ಬರುವುದಿಲ್ಲ, ಅದಕ್ಕೆ. ಕೊನೆಗೆ ಉಳಿಯುವುದು ಎರಡೇ ದಾರಿ: ಬಡ್ಡಿ ಸಾಲ ಅಥವಾ ಹೊಲದ ಮಾರಾಟ. ಲೈಸೆನ್ಸು ಇಟ್ಟುಕೊಂಡು ವರ್ಷಗಟ್ಟಲೆ ನೌಕರಿಗಾಗಿ ಕಾದು ಕೂತವರೂ ದೇಶದಲ್ಲಿ ಕಡಿಮೆ ಇಲ್ಲ. ಬಡ್ಡಿ ಮಾತ್ರ ಕಾದು ಕೂರುವುದಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ವೈದ್ಯಕೀಯ ಪರೀಕ್ಷೆ. ಎರಡನೇ ದರ್ಜೆಯದು ಆದ ಮೇಲೆ ಮೊದಲ ದರ್ಜೆಯದು. ಬಣ್ಣ ಗುರುತಿಸುವ ದೋಷವೋ ಬೇರೆ ತೊಂದರೆಯೋ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಕನ್ನಡಕ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಎರಡನೆಯದು, ಲಿಖಿತ ಪರೀಕ್ಷೆ. ಇದಕ್ಕೆ ಆಗುವ ಖರ್ಚು ಹಾರಾಟದ ಖರ್ಚಿನ ಮುಂದೆ ಸಣ್ಣದು. ಪುಸ್ತಕ ಹಿಡಿದು ಕೂರುವ ತಾಳ್ಮೆ ಹುಡುಗನಿಗೆ ಇದೆಯೋ ಇಲ್ಲವೋ ಇಲ್ಲೇ ಬಯಲಾಗುತ್ತದೆ. ಮೂರನೆಯದು, ತರಬೇತಿ ಸಂಸ್ಥೆಗೆ ಖುದ್ದು ಹೋಗಿ, ಎಷ್ಟು ವಿಮಾನ ಹಾರುತ್ತಿವೆ, ಹಿಂದಿನ ತಂಡದವರಿಗೆ 200 ತಾಸು ಮುಗಿಯಲು ಎಷ್ಟು ತಿಂಗಳು ಹಿಡಿಯಿತು ಎಂದು ಕಲಿಯುವ ಹುಡುಗರನ್ನೇ ಕೇಳಬೇಕು. ಫೀಸನ್ನು ಒಂದೇ ಸಲ ಕಟ್ಟದೆ ಕಂತಿನಲ್ಲಿ ಕಟ್ಟಬೇಕು.

ಈ ಮೂರೂ ಮುಗಿದ ಮೇಲೆ ಹೊಲದ ಮಾತು ಎತ್ತಬಹುದು. ಆಗಲೂ ಇರುವುದೆಲ್ಲ ಮಾರಬಾರದು. ಆಕಾಶದಿಂದ ಇಳಿಯುವವನಿಗೆ ಕಾಲೂರಲು ಒಂದೆರಡು ಎಕರೆ ನೆಲ ಇರಲಿ. ಜನ ಹೊರಲಿ, ಮಾಲು ಹೊರಲಿ, ಸಾಲ ಹೊತ್ತು ಹಾರುವುದು ಎಲ್ಲದಕ್ಕಿಂತ ಭಾರ.