ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ತಂಡ ಸರ್ಕಸ್ ಸೇರಿದರೆ
ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡೋರೇ, ನಿಮ್ಮ ಇಡೀ ತಂಡ ಊರೂರು ಸುತ್ತೋ ಸರ್ಕಸ್ಸಿಗೆ ಸೇರಿದರೆ ಯಾರಿಗೆ ಯಾವ ಕೆಲಸ?

ಫೈಟರ್ ಅಂದರೆ ಭಾರ ಎತ್ತೋ ಪೈಲ್ವಾನ್ ಅಂತೀರಾ? ನಾನಂತೂ ಕುದುರೆ ಕೊಡ್ತೀನಿ. 1768ರಲ್ಲಿ ಲಂಡನ್ನಿನಲ್ಲಿ ಆಧುನಿಕ ಸರ್ಕಸ್ಸಿಗೆ ನಾಂದಿ ಹಾಡಿದ ಫಿಲಿಪ್ ಆಸ್ಟ್ಲಿ ಅಶ್ವದಳದ ಸೈನಿಕ. ಕುದುರೆ ದುಂಡಗೆ ಓಡಿದರೆ ಅದರ ಬೆನ್ನ ಮೇಲೆ ನಿಲ್ಲೋದು ಸುಲಭ. ಅದಕ್ಕೇ ಸರ್ಕಸ್ ರಿಂಗ್ ದುಂಡಗಿರೋದು. ಅಡ್ಡಳತೆ 42 ಅಡಿ, ಇವತ್ತಿಗೂ ಅದೇ ರೂಢಿ.

ಬಾರ್ಡ್? ರಿಂಗ್ ಮಾಸ್ಟರ್, ಅನುಮಾನವೇ ಬೇಡ. ರೋಗ್‌ಗೆ ತಂತಿ ಮೇಲಿನ ನಡಿಗೆ.

ಇನ್ನು ಕ್ಲೆರಿಕ್. 1974ರ ಮೊದಲ ಆವೃತ್ತಿಯಲ್ಲಿ ಇದ್ದದ್ದೇ ಮೂರು ಕ್ಲಾಸ್, ಅದರಲ್ಲಿ ಇದೂ ಒಂದು. ಆದರೂ ‘ಗಾಯ ವಾಸಿ ಮಾಡೋರು ತಾನೆ’ ಅಂತ ಬದಿಗಿಡ್ತೀವಿ. ನನ್ನ ಪ್ರಕಾರ ಇವರು ಟ್ರಪೀಸಿನ ಕ್ಯಾಚರ್. ಮೊಣಕಾಲು ಮಡಿಸಿ, ತಲೆಕೆಳಗಾಗಿ ತೂಗಾಡ್ತಾ, ಹಾರಿ ಬರೋರ ಮಣಿಕಟ್ಟನ್ನ ಆ ಒಂದೇ ಕ್ಷಣದಲ್ಲಿ ಹಿಡಿಯೋರು. ಚಪ್ಪಾಳೆ ಪಲ್ಟಿ ಹೊಡೆದವರಿಗೆ. ಆದರೆ ಆಚೆ ತುದಿಯಲ್ಲಿ ಈ ಎರಡು ಕೈ ಇವೆ ಅಂತಲೇ ಅವರು ಜೋಕಾಲಿ ಬಿಡೋದು!

ನಿಮ್ಮ ತಂಡದ ಕ್ಲೆರಿಕ್ ಯಾರು? ಈ ರೀಲ್ ಅವರಿಗೇ ಮೊದಲು ಕಳಿಸಿ.