ರೇಡಿಯೋ ಒಲ್ಲದ ಸಕ್ಕರೆ ಕಡ್ಡಿ

ಒಂದು ಸಕ್ಕರೆ ಕಡ್ಡಿ. ಮಕ್ಕಳು ಚೀಪಿ ಚೀಪಿ ಕೈ, ಬಾಯಿ, ಅಂಗಿ ಎಲ್ಲ ಅಂಟು ಮಾಡಿಕೊಳ್ಳುವಂಥದ್ದು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಎಂಬ ಕಡಲ ದಂಡೆಯ ಊರಿನಲ್ಲಿ ಪುಡಿಗಾಸಿಗೆ ಸಿಗುತ್ತಿದ್ದ ಮಾಲು. 1937ರಲ್ಲಿ ಒಬ್ಬ ಹಾಸ್ಯಗಾರ ಈ ಕಡ್ಡಿಯ ಮೇಲೊಂದು ಹಾಡು ಹಾಡಿ ಗ್ರಾಮಫೋನ್ ಪ್ಲೇಟು ಬಿಟ್ಟ. ಜನ ಅಂಗಡಿಗೆ ಹೋಗಿ ಕೊಂಡರು, ಹೊಟ್ಟೆ ಹಿಡಿದು ನಕ್ಕರು. ಆಗ ಆ ದೇಶಕ್ಕೆಲ್ಲ ಒಂದೇ ಒಂದಾಗಿದ್ದ ರೇಡಿಯೋ ಸಂಸ್ಥೆ ಬಿ.ಬಿ.ಸಿ. ಮಾತ್ರ ನಗಲಿಲ್ಲ. ಪ್ಲೇಟನ್ನು ಹೊಸಿಲ ಒಳಗೆ ಬಿಟ್ಟುಕೊಳ್ಳಲೂ ಇಲ್ಲ.

ಹಾಡಿನಲ್ಲಿ ಕೆಟ್ಟ ಪದ ಒಂದೂ ಇರಲಿಲ್ಲ. ಇದ್ದದ್ದು ಕಡ್ಡಿ, ಕಡಲ ದಂಡೆ, ಓಡಾಟ, ಅಂಟು. ಅಷ್ಟೇ. ಆದರೂ ಕೇಳಿದವರಿಗೆ ಬೇರೆ ಏನೋ ಹೊಳೆಯುತ್ತಿತ್ತು! ಹೊಳೆದದ್ದು ಹಾಡಿನಲ್ಲಿತ್ತೋ, ಕೇಳುವವನ ತಲೆಯಲ್ಲಿತ್ತೋ? ತಕರಾರು ಇರುವುದೇ ಇಲ್ಲಿ.

ಗಿರಣಿಯವರ ಜಾತ್ರೆ

ಹಾಡಿದವನ ಹೆಸರು ಜಾರ್ಜ್ ಫಾರ್ಮ್‌ಬಿ. ಹುಟ್ಟಿದ್ದು 1904ರ ಮೇ 26ರಂದು, ಲ್ಯಾಂಕಾಷೈರಿನ ವಿಗನ್ ಎಂಬಲ್ಲಿ. ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳ ಊರು. ಅಪ್ಪನೂ ಇದೇ ಹೆಸರಿನ ದೊಡ್ಡ ರಂಗ ಹಾಸ್ಯಗಾರ. ಮಗ ಜಾಕಿ ಆಗಲೆಂದು ಏಳನೇ ವಯಸ್ಸಿಗೇ ಕುದುರೆ ಲಾಯಕ್ಕೆ ಹಾಕಿದ. ಶಾಲೆ ಅಲ್ಲಿಗೇ ಮುಗಿಯಿತು. ಓದು ಬರಹ ಕೊನೆಯವರೆಗೂ ಸರಿಯಾಗಿ ಹತ್ತಲಿಲ್ಲ. 1921ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಪ್ಪನ ಹಾಡು, ಅಪ್ಪನ ಜೋಕುಗಳನ್ನೇ ಹೊತ್ತುಕೊಂಡು ರಂಗ ಹತ್ತಿದ. 1924ರಲ್ಲಿ ಬೆರಿಲ್ ಎಂಬ ನರ್ತಕಿಯನ್ನು ಮದುವೆಯಾದ. ಕರಾರು, ಲೆಕ್ಕಪತ್ರ, ಗಂಡನ ಕೈಖರ್ಚಿನ ಕಾಸು ಎಲ್ಲ ಆಯಮ್ಮನ ಸುಪರ್ದಿಗೆ ಹೋಯಿತು.

ಕೈಯಲ್ಲೊಂದು ಬ್ಯಾಂಜೊಲೆಲಿ. ನಾಲ್ಕು ತಂತಿಯ, ಖಂಜಿರದ ಹಾಗೆ ಚರ್ಮ ಬಿಗಿದ ಪುಟ್ಟ ವಾದ್ಯ. ಮುಖದಲ್ಲಿ ಹಲ್ಲು ಕಿರಿದ ಪೆದ್ದು ನಗು. ಈ ಪೆದ್ದು ನಗುವೇ ಬಂಡವಾಳ. ಹಾಡಿನ ಎರಡನೇ ಅರ್ಥ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಹಾಡುತ್ತಿದ್ದ. ಜನ ಗೊಳ್ಳೆಂದರೆ 'ಇವರೆಲ್ಲ ಯಾಕಪ್ಪಾ ನಗ್ತಾರೆ' ಎಂಬಂತೆ ನಿಲ್ಲುತ್ತಿದ್ದ. ಪೋಲಿತನ ಅವನದಲ್ಲ, ನಕ್ಕವರದು!

ನಗುತ್ತಿದ್ದವರು ಯಾರು? ಗಿರಣಿ ಕೂಲಿಗಳು, ಅವರ ಹೆಂಡಿರು, ಅತ್ತೆಯಂದಿರು. ಲ್ಯಾಂಕಾಷೈರಿನಲ್ಲಿ ಒಂದೊಂದು ಊರಿನ ಗಿರಣಿಗಳೂ ವರ್ಷಕ್ಕೊಂದು ವಾರ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಅದಕ್ಕೆ 'ವೇಕ್ಸ್ ವಾರ' ಎಂದು ಹೆಸರು. ಮೊದಲಿಗೆ ಊರ ಇಗರ್ಜಿಯ ಹಬ್ಬ. ಹೋಗಹೋಗುತ್ತಾ ದೇವರು ಹಿಂದಾಗಿ ತಿರುಗಾಟ ಮುಂದಾಯಿತು. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ ಹೋಗುತ್ತಿತ್ತು. ವರ್ಷವೆಲ್ಲ ಮಗ್ಗದ ಸದ್ದಿಗೆ ಕಿವಿ ಕೊಟ್ಟವರಿಗೆ ಒಂದು ವಾರ ಕಡಲು, 1894ರಲ್ಲಿ ತೆರೆದ ಗೋಪುರ, ಕುಣಿತದ ಹಾಲು, ಹಾಸ್ಯದ ಆಟ. ಮನೆಗೆ ಹೋಗುವಾಗ ನೆರೆಮನೆ ಮಕ್ಕಳಿಗೆ ಒಂದೊಂದು ಸಕ್ಕರೆ ಕಡ್ಡಿ.

ಕಡ್ಡಿ ಮಾಡುವ ಬಗೆಯೂ ಸೊಗಸು. ಬಣ್ಣದ ಪಾಕದ ಪಟ್ಟಿಗಳನ್ನು ದೊಡ್ಡ ದೊಡ್ಡ ಅಕ್ಷರಗಳ ಆಕಾರಕ್ಕೆ ಜೋಡಿಸುತ್ತಾರೆ. ಸುತ್ತ ಬಿಳಿ ಪಾಕ ತುಂಬಿ ದಪ್ಪ ದಿಂಡು ಮಾಡುತ್ತಾರೆ. ಬಿಸಿ ಆರುವ ಮೊದಲೇ ಹೊಸೆದು ಎಳೆದು ಬೆರಳು ಗಾತ್ರಕ್ಕೆ ಇಳಿಸುತ್ತಾರೆ. ಎಲ್ಲಿ ಮುರಿದರೂ ಒಳಗೆ ಬ್ಲ್ಯಾಕ್‌ಪೂಲ್ ಎಂಬ ಹೆಸರು ಕಾಣುತ್ತದೆ. ಆ ಜನಕ್ಕೆ ಈ ಕಡ್ಡಿ ಎಂದರೆ ವರ್ಷದ ಏಕೈಕ ರಜದ ಗುರುತು. ಫಾರ್ಮ್‌ಬಿ ಹಾಡಿದ್ದು ಇದರ ಮೇಲೆ.

ಏಣಿ ಹತ್ತಿದವನ ಕಥೆ

ಕಡ್ಡಿಗೂ ಒಂದು ವರ್ಷ ಮೊದಲು, 1936ರಲ್ಲಿ, ಇನ್ನೊಂದು ರಗಳೆ ಆಗಿತ್ತು. ಕಿಟಕಿ ಒರೆಸುವ ಆಳೊಬ್ಬ ಏಣಿ ಮೇಲೆ ನಿಂತು ಒಳಗೆ ಕಂಡದ್ದನ್ನೆಲ್ಲ ಹೇಳುವ ಹಾಡು. ಹೊಸ ಮದುವೆಯ ಜೋಡಿಯ ಚೆಲ್ಲಾಟ, ಬಣ್ಣ ಕಳಚಿದ ಸಿನಿಮಾ ನಟಿಯ ಅಸಲಿ ಮುಖ, ಹೀಗೆ. 'ಕೀಪ್ ಯುವರ್ ಸೀಟ್ಸ್ ಪ್ಲೀಸ್' ಎಂಬ ಚಿತ್ರದಲ್ಲಿ ಆತನೇ ಹಾಡಿದ್ದ. ಹ್ಯಾರಿ ಗಿಫರ್ಡ್, ಫ್ರೆಡ್ ಕ್ಲಿಫ್ ಎಂಬ ಜೋಡಿಯ ಜೊತೆ ಫಾರ್ಮ್‌ಬಿಯ ಹೆಸರೂ ರಚನೆಗೆ ಸೇರಿದೆ.

ತಮಾಷೆ ನೋಡಿ. ಸಿನಿಮಾ ಮಂದಿರದಲ್ಲಿ ಈ ಹಾಡನ್ನು ಎಲ್ಲರೂ ನೋಡಬಹುದು. ಅಂಗಡಿಯಲ್ಲಿ ಪ್ಲೇಟು ಕೊಳ್ಳಬಹುದು. ರೇಡಿಯೋದಲ್ಲಿ ಕೇಳುವಂತಿಲ್ಲ! ಬಿ.ಬಿ.ಸಿ.ಯ ಮುಖ್ಯಸ್ಥ ಜಾನ್ ರೀತ್ ಅವರ ಧೋರಣೆ ಸ್ಪಷ್ಟವಾಗಿತ್ತು: ಬೇಕಾದವರು ಸಿನಿಮಾಕ್ಕೆ ಹೋಗಿ ಕೇಳಿಕೊಳ್ಳಲಿ, ಬಿ.ಬಿ.ಸಿ.ಯ ಗಾಳಿಯಲ್ಲಿ ಬೇಡ. ಫಾರ್ಮ್‌ಬಿ ಏನು ಮಾಡಿದ? ಅದೇ ಕಿಟಕಿಯ ಮೇಲೆ ಎರಡನೇ ಭಾಗದ ಹಾಡು ಹೊರಡಿಸಿದ!

ಹಾಗೆಂದು ಫಾರ್ಮ್‌ಬಿಯನ್ನೇ ಬಿ.ಬಿ.ಸಿ. ಹೊರಗಟ್ಟಲಿಲ್ಲ. ಆತ ಬರಬಹುದು, ನಗಿಸಬಹುದು, ಬೇರೆ ಹಾಡು ಹಾಡಬಹುದು. ಈ ಹಾಡುಗಳು ಮಾತ್ರ ಕೂಡದು. ಇತ್ತ ಅದೇ ಹೊತ್ತಿಗೆ ಬ್ರಿಟನ್ನಿನ ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ಆತನದೇ ಮೊದಲ ಹೆಸರು.

ಅವರ ಕಡೆಯೂ ನ್ಯಾಯ ಇತ್ತು

ಬಿ.ಬಿ.ಸಿ.ಯವರನ್ನು ಬರೀ ಮಡಿವಂತರು ಎಂದು ತಳ್ಳಿಹಾಕಿದರೆ ಅರ್ಧ ಕಥೆ ಹೇಳಿದ ಹಾಗೆ. ಸಿನಿಮಾಕ್ಕೆ ಜನ ಕಾಸು ಕೊಟ್ಟು, ಗೊತ್ತಿದ್ದೇ ಹೋಗುತ್ತಾರೆ. ಪ್ಲೇಟನ್ನು ಆರಿಸಿ ಕೊಳ್ಳುತ್ತಾರೆ. ರೇಡಿಯೋ ಹಾಗಲ್ಲ. ನಡುಮನೆಯಲ್ಲಿ ಕೂತಿರುತ್ತದೆ. ಮಾವನವರ ಎದುರು, ಮಕ್ಕಳ ಎದುರು, ಊಟದ ಹೊತ್ತಿಗೆ ಒಮ್ಮೆಗೇ ಬಾಯಿ ಬಿಡುತ್ತದೆ. ಮನೆಯವರೆಲ್ಲ ಒಟ್ಟಿಗೆ ಕೂತಾಗ ಇಂಥ ಹಾಡು ಬಂದರೆ ಯಾರ ಮುಖ ಯಾರು ನೋಡಬೇಕು? ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. 1927ರಲ್ಲಿ ರಾಜಸನ್ನದು ಪಡೆದು ನಿಗಮವಾದ ಬಿ.ಬಿ.ಸಿ. ನಡೆಯುತ್ತಿದ್ದದ್ದು ಲೈಸೆನ್ಸ್ ಹಣದಿಂದ. ರೇಡಿಯೋ ಇದ್ದ ಮನೆಗೆ ವರ್ಷಕ್ಕೆ 10 ಷಿಲಿಂಗು. ಲಂಡನ್ನಿನ ವಕೀಲನೂ 10 ಷಿಲಿಂಗು ತೆರಬೇಕು, ವಿಗನ್ನಿನ ಗಣಿ ಕೂಲಿಯೂ 10 ಷಿಲಿಂಗು ತೆರಬೇಕು. ತೆರಿಗೆಯಲ್ಲಿ ಸಮಾನತೆ, ನಗುವಿನಲ್ಲಿ ಇಲ್ಲ! ಯಾವ ನಗು ಶುದ್ಧ, ಯಾವುದು ಹೊಲಸು ಎಂದು ತೀರ್ಮಾನಿಸುವ ಮೇಜು ಇದ್ದದ್ದು ಲಂಡನ್ನಿನಲ್ಲಿ. ವಿಗನ್ನಿನವರನ್ನು ಯಾರೂ ಕೇಳಲಿಲ್ಲ.

1940ರ ದಶಕದ ಕೊನೆಗೆ ಬಿ.ಬಿ.ಸಿ. ತನ್ನ ಹಾಸ್ಯ ಬರಹಗಾರರಿಗೆ ಒಂದು ಕೈಪಿಡಿಯನ್ನೇ ಕೊಟ್ಟಿತು. 'ಹಸಿರು ಪುಸ್ತಕ' ಎಂದೇ ಅದು ಹೆಸರಾಯಿತು. ಕಕ್ಕಸಿನ ಮೇಲೆ ಜೋಕು ಕೂಡದು. ಹನಿಮೂನ್ ಜೋಡಿ, ಹೋಟೆಲಿನಲ್ಲಿ ಹಾಸಿಗೆ ಹಾಸುವ ಹೆಂಗಸು, ಅಂಜೂರದ ಎಲೆ, ಹೆಂಗಸರ ಒಳ ಉಡುಪು, ಮೊಲಗಳ ಸಂಸಾರ ಇವೂ ಕೂಡದು. ಬಾಡಿಗೆ ಕೋಣೆಯವನು, ಊರೂರು ತಿರುಗುವ ಸೇಲ್ಸ್‌ಮನ್ ಬಂದರೆ ಹುಷಾರು! ಇಷ್ಟು ಕರಾರುವಾಕ್ಕಾಗಿ ಪಟ್ಟಿ ಬರೆಯಬೇಕಾದರೆ ಬರೆದವರಿಗೆ ಅಷ್ಟೂ ಜೋಕು ಬಾಯಿಪಾಠ ಇದ್ದಿರಲೇಬೇಕಲ್ಲವೇ?

ಕೊಲಂಬೋ ಕಡೆಗೆ ಮುಳ್ಳು

ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು. 1930ರ ದಶಕದಲ್ಲೇ ಸಮುದ್ರದಾಚೆಯ ರೇಡಿಯೋ ನಾರ್ಮಂಡಿ, ರೇಡಿಯೋ ಲಕ್ಸೆಂಬರ್ಗ್ ಜಾಹೀರಾತಿನ ಬಲದಿಂದ ಇಂಗ್ಲಿಷಿನಲ್ಲಿ ಹಾಡು ಹಂಚುತ್ತಿದ್ದವು. ಭಾನುವಾರ ಬಿ.ಬಿ.ಸಿ. ಪ್ರಾರ್ಥನೆ, ಪ್ರವಚನ ಎಂದು ಕೂತರೆ ಇಂಗ್ಲೆಂಡಿನ ಎಷ್ಟೋ ಮನೆಗಳ ಮುಳ್ಳು ಆಚೆಗೆ ತಿರುಗುತ್ತಿತ್ತು.

ಈ ಆಟ ನಮ್ಮವರಿಗೂ ಹೊಸದಲ್ಲ. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ, ಸಿನಿಮಾ ಹಾಡೆಂದರೆ ಅಷ್ಟಕ್ಕಷ್ಟೆ. ಅಲ್ಲಿ ಒಂದೊಂದು ಹಾಡಿಗೆ ತಡೆ. ಇಲ್ಲಿ ಇಡೀ ಸಿನಿಮಾ ಹಾಡಿನ ಜಾತಿಗೇ ಆಕಾಶವಾಣಿಯಲ್ಲಿ ಜಾಗ ಇಲ್ಲದ ಹಾಗಾಯಿತು. ಜನ ಏನು ಮಾಡಿದರು? ಕೊಲಂಬೋ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಎಂ.ವಿ. ಗೋಪಾಲಸ್ವಾಮಿಯವರ ಮೈಸೂರಿನ ಬಾನುಲಿಯಲ್ಲಿ; ಆ ಸೀಮೆಯ ಮನೆಗಳಲ್ಲೂ ಸಿಲೋನ್ ಹಾಡಿಗೆ ಕಾದು ಕೂತವರು ಕಮ್ಮಿ ಇರಲಿಲ್ಲ. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ಸೋತು 'ವಿವಿಧ ಭಾರತಿ' ತೆರೆಯಿತು. ಸ್ವಂತ ಕೇಳುಗರನ್ನು ಪರದೇಶದವರಿಗೆ ಬಿಟ್ಟುಕೊಟ್ಟು ಎಷ್ಟು ದಿನ ಇರಲಾದೀತು?

ಅರಮನೆ ಕೇಳಿತು, ಕೋರ್ಟು ಕೇಳಲಿಲ್ಲ

1941ರಲ್ಲಿ ಫಾರ್ಮ್‌ಬಿಗೆ ರಾಜಮನೆತನದ ಎದುರು ಹಾಡಲು ಕರೆ ಬಂತು. ಕಿಟಕಿ ಹಾಡಿಗೆ ಸಾಧು ಪದಗಳನ್ನು ಹೊಂದಿಸಿಕೊಂಡೇ ಹೋದ. ಅಲ್ಲಿಂದ ಬಂದ ಅಪ್ಪಣೆ: ಅದೆಲ್ಲ ಬೇಡ, ಅಸಲಿ ಹಾಡೇ ಆಗಲಿ! ರಾಜಮಾತೆ ಮೇರಿಯವರಂತೂ ಇನ್ನೊಮ್ಮೆ ಹಾಡಿಸಿದರಂತೆ. ಕೂಲಿಯ ನಡುಮನೆಗೆ ಸಲ್ಲದ ಹಾಡು ಅರಸರ ಚಾವಡಿಗೆ ಸಂದಿತು.

ಕಡಲ ದಂಡೆಯ ನಗುವಿಗೆ ಕಾಟ ಅಲ್ಲಿಗೇ ನಿಲ್ಲಲಿಲ್ಲ. ಡೊನಾಲ್ಡ್ ಮೆಕ್‌ಗಿಲ್ ಎಂಬ ಚಿತ್ರಗಾರ ಇಂಥದೇ ತುಂಟ ಪೋಸ್ಟ್ ಕಾರ್ಡುಗಳನ್ನು ಬರೆಯುತ್ತಿದ್ದ. ದೊಡ್ಡ ಸಕ್ಕರೆ ಕಡ್ಡಿ ಹಿಡಿದ ಗಂಡಸಿನ ಕಾರ್ಡೂ ಅದರಲ್ಲೊಂದು. 1954ರಲ್ಲಿ ಲಿಂಕನ್ ಊರಿನ ಕೋರ್ಟು ಈ ಮುದುಕನಿಗೆ ಕಾರ್ಡುಗಳ ಸಲುವಾಗಿ 50 ಪೌಂಡು ದಂಡ, 25 ಪೌಂಡು ಖರ್ಚು ಹಾಕಿತು. ಹಿಡಿದ ಕಾನೂನು ಯಾವುದು? 1857ರದು!

1972ರಲ್ಲಿ ಜಡ್ಜ್ ಡ್ರೆಡ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅಲೆಕ್ಸ್ ಹ್ಯೂಸ್ ಎಂಬ ದಢೂತಿ ಆಸಾಮಿ ಶಿಶುಗೀತೆಗಳ ಧಾಟಿಗೆ ಪೋಲಿ ಮಾತು ಸೇರಿಸಿ 'ಬಿಗ್ ಸಿಕ್ಸ್' ಎಂಬ ಪ್ಲೇಟು ಬಿಟ್ಟ. ರೇಡಿಯೋದಲ್ಲಿ ಒಮ್ಮೆಯೂ ಬಾರದ ಆ ಪ್ಲೇಟು ಮಾರಾಟದ ಪಟ್ಟಿಯಲ್ಲಿ 11ನೇ ಜಾಗಕ್ಕೆ ಏರಿ ತಿಂಗಳುಗಟ್ಟಲೆ ಕೂತಿತು. ಅತಿ ಹೆಚ್ಚು ಹಾಡುಗಳಿಗೆ ಬಿ.ಬಿ.ಸಿ.ಯ ತಡೆ ಕಂಡ ಗಾಯಕ ಎಂಬ ಬಿರುದೂ ಆತನಿಗೇ ಸಂದಿತು. ತಡೆಯೇ ಜಾಹೀರಾತಾಯಿತು.

ಯಾರಿಗೂ ಚುಚ್ಚದ ಹಾಡು

ಈಗ ಹಳೆ ಪ್ಲೇಟುಗಳನ್ನು ಮತ್ತೆ ಹಾಕಿ ಕೇಳಿದರೆ ಇನ್ನೊಂದು ವಿಚಿತ್ರ ತೋರುತ್ತದೆ. 1932ರಲ್ಲಿ ಫಾರ್ಮ್‌ಬಿಗೆ ಹೆಸರು ತಂದ ಹಾಡೊಂದಿದೆ: ಚೀನೀ ಅಗಸ ಮಿಸ್ಟರ್ ವೂ ಎಂಬವನ ಗೇಲಿ. ಚೀನೀಯರನ್ನು ಹಾಗೆ ಆಡಿಕೊಂಡು ನಗುವುದು ಇಂದಿನ ಕಿವಿಗೆ ಚುಚ್ಚುತ್ತದೆ. ಆಗಿನ ನಿಷೇಧದ ಕಥೆಗಳಲ್ಲಿ ಮಾತ್ರ ಈ ಹಾಡಿನ ಸುದ್ದಿಯೇ ಇಲ್ಲ. ಸಕ್ಕರೆ ಕಡ್ಡಿಯಲ್ಲಿ ಅಶ್ಲೀಲ ಕಂಡ ಕಣ್ಣಿಗೆ ಒಂದು ಜನವನ್ನೇ ಹೀಗಳೆಯುವುದು ಕಾಣಲಿಲ್ಲ. ಕಿಟಕಿ ಹಾಡಿನಲ್ಲೂ ಅಷ್ಟೆ. ಆಗ ನಾಚಿಕೆ ಆದದ್ದು ಒಳಗಿದ್ದ ಜೋಡಿಯ ಚೆಲ್ಲಾಟದ ಬಗ್ಗೆ. ಇಂದಿನ ಹೆಂಗಸು ಕೇಳುವ ಪ್ರಶ್ನೆ, ಹೊರಗೆ ನಿಂತವನು ಇಣುಕಿದ್ದು ಯಾಕೆ ಎಂದು.

ಇದನ್ನು ಹಾಡಿದವನಾದರೂ ಎಂಥವನು? 1946ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಬಿಳಿಯರನ್ನೂ ಕರಿಯರನ್ನೂ ಬೇರೆ ಮಾಡಿ ಕೂರಿಸುವ ಸಭಾಂಗಣಗಳಲ್ಲಿ ಹಾಡಲಾರೆ ಎಂದು ಪಟ್ಟು ಹಿಡಿದ. ಅಲ್ಲಿನ ನ್ಯಾಷನಲ್ ಪಕ್ಷದ ಮುಖಂಡ ಮಲಾನ್ ಕೆರಳಿ ಕೆಂಡವಾದರು. ಗಂಡ ಹೆಂಡತಿ ಜಗ್ಗಲಿಲ್ಲ. ಮಿಸ್ಟರ್ ವೂನನ್ನು ಗೇಲಿ ಮಾಡಿದವನೂ ಈತನೇ, ಕರಿಯರ ಪರ ನಿಂತವನೂ ಈತನೇ. ಮನುಷ್ಯರು ಇಂಥವರು, ಒಂದು ಮುದ್ರೆ ಒತ್ತಿ ಮೂಲೆಗೆ ಸರಿಸಲು ಬರುವುದಿಲ್ಲ.

ಫಾರ್ಮ್‌ಬಿ 1961ರ ಮಾರ್ಚ್ 6ರಂದು ತೀರಿಕೊಂಡ. ಶವಯಾತ್ರೆಯ ದಾರಿಯಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜನ ನಿಂತಿದ್ದರೆಂಬ ಅಂದಾಜಿದೆ. ಅದೇ ವರ್ಷ ಅಭಿಮಾನಿಗಳು ಆತನ ಹೆಸರಿನ ಸಂಘ ಕಟ್ಟಿದರು. 2007ರಲ್ಲಿ ವಿಗನ್ನಿನಲ್ಲಿ ಕಂಚಿನ ಪ್ರತಿಮೆ ಎದ್ದಿತು. 2011ರಲ್ಲಿ ಬಿ.ಬಿ.ಸಿ. ಟೆಲಿವಿಷನ್ ಆತನ ಮೇಲೆ ಒಂದು ಇಡೀ ಕಾರ್ಯಕ್ರಮ ಮಾಡಿತು. ನಡೆಸಿಕೊಟ್ಟವರೂ ಒಬ್ಬ ಹಾಸ್ಯಗಾರರೇ, ಫ್ರಾಂಕ್ ಸ್ಕಿನ್ನರ್.

ತಡೆದವರು, ಹಾಡಿದವರು ಇಬ್ಬರೂ ಈಗ ಇಲ್ಲ. ಪ್ಲೇಟು ಉಳಿದಿದೆ. ನಡುಮನೆಯಲ್ಲಿ ಯಾವ ಹಾಡು ಸಲ್ಲುತ್ತದೆ ಎಂಬ ಪ್ರಶ್ನೆ ಇಂದಿಗೂ ಇದ್ದದ್ದೇ, ಇರಬೇಕಾದದ್ದೇ. ಆದರೆ ಅದನ್ನು ತೀರ್ಮಾನಿಸುವ ಮೇಜಿನ ಸುತ್ತ ವಿಗನ್ನಿನ ಗಣಿ ಕೂಲಿಗೂ, ಅಗಸ ವೂಗೂ, ಕಿಟಕಿ ಒಳಗಿದ್ದ ಹೆಂಗಸಿಗೂ ಒಂದೊಂದು ಕುರ್ಚಿ ಹಾಕಿದ್ದರೆ ಪಟ್ಟಿಯೇ ಬೇರೆ ಆಗುತ್ತಿತ್ತು. ಆ ಸಕ್ಕರೆ ಕಡ್ಡಿ ಪಾಪ, ಅದರಲ್ಲಿ ಸೇರುತ್ತಿತ್ತೋ ಇಲ್ಲವೋ.